ಎತ್ತು ಎಂತ?

ಹೊರನಾಡಿಗೆ ಬರುವ ಕನ್ನಡಿಗರು ಊರಿನಿಂದ ತರುವ ಸಾಮಾನುಗಳಲ್ಲಿ ಉಪ್ಪಿನಕಾಯಿ ಭರಣಿ, ದೋಸೆ ಕಾವಲಿ, ದೇವರ ಪೆಟ್ಟಿಗೆ ಇವು ಮುಖ್ಯ. ನಾವು ಇವುಗಳ ಜೊತೆಗೆ ಒಂದು ಜೀಪನ್ನೂ ತಂದವರು. ತೀರಿಹೋದ ನಮ್ಮ ತಂದೆಯವರು ಸಕಲೇಶಪುರದ ಕಡೆ ತೋಟದಲ್ಲಿ ಓಡಿಸುತ್ತಿದ್ದ ಹಳೆಯ ಮಹೀಂದ್ರ ಅದು. ಕೇಂದ್ರ ಸರ್ಕಾರದ ಗುಮಾಸ್ತಗಿರಿ ನಮ್ಮನ್ನು ವಿಜಯವಾಡದ ಪಕ್ಕದ ಗನ್ನವರಂಗೆ ತಂದು ಹಾಕಿದಾಗ ನಮ್ಮ ತಾಯಿಯವರು, "ನಾನು ಬರಬೇಕಾದರೆ ಅದೂ ಬರಬೇಕು" ಎಂದು ಕೂತುಬಿಟ್ಟರು. ಇಬ್ಬರೂ ಬಂದರು.

ಗನ್ನವರಂ ಎಂದರೆ ಸಪಾಟು ನೆಲ. ಹೆದ್ದಾರಿ, ವಿಮಾನ ನಿಲ್ದಾಣ, ಸುತ್ತ ಗದ್ದೆ. ಹತ್ತುವುದಕ್ಕೆ ಗುಡ್ಡವಿಲ್ಲ, ಇಳಿಯುವುದಕ್ಕೆ ಹಳ್ಳವಿಲ್ಲ. ಆದರೂ ಇಂಜಿನಿಯರಿಂಗ್ ಓದುವ ನಮ್ಮ ಸುಪುತ್ರನಿಗೆ ಜೀಪನ್ನು ನಾಲ್ಕು ಅಂಗುಲ ಮೇಲಕ್ಕೆತ್ತಿಸಿ, 28 ಅಂಗುಲದ ಟೈರು ತೆಗೆಸಿ 31 ಅಂಗುಲದ್ದು ಹಾಕಿಸುವ ಆಸೆ ಹುಟ್ಟಿತು. ಅವನ ವಾದವನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. "ಅಪ್ಪಾ, 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ದಿನಗಟ್ಟಲೆ ಮುಳುಗಿತಲ್ಲ? ಎತ್ತರದ ಗಾಡಿ ಇದ್ದರೆ ಅಜ್ಜಿಯನ್ನು ಕೂರಿಸಿಕೊಂಡು ಹೊರಟುಬಿಡಬಹುದು" ಎಂದ. ಅಜ್ಜಿಯ ಹೆಸರು ಬಂದ ಮೇಲೆ ನಾವು ಸುಮ್ಮನಿರುವುದು ಹೇಗೆ?

ಸರಿ, ಒಂದು ಭಾನುವಾರ ಆಟೋನಗರಕ್ಕೆ ಸಕುಟುಂಬ ಸವಾರಿ ಹೊರಟಿತು. ಲಾರಿ ಬಿಚ್ಚಿ ಮತ್ತೆ ಜೋಡಿಸುವ ಕೈಗಳಿಗೆ ಅಲ್ಲಿ ಬರವಿಲ್ಲ. ಮೇಸ್ತ್ರಿ ಜೀಪಿನ ಕೆಳಗೆ ತೂರಿ, ಹೊರಬಂದು, "ಎತ್ತು ಎಂತ?" ಎಂದು ಕೇಳಿದ. ಹಿಂದೆ ಕುಳಿತಿದ್ದ ನಮ್ಮ ತಾಯಿಯವರು ಗಾಬರಿಯಾಗಿ, "ಜೀಪಿರುವಾಗ ಎತ್ತು ಯಾಕೋ? ಈ ಜೀಪು ಮಾರುತ್ತೀಯಾ?" ಎಂದರು. ತೆಲುಗಿನಲ್ಲಿ 'ಎತ್ತು' ಎಂದರೆ ಎತ್ತರ, ಅವನು ಕೇಳಿದ್ದು ಎಷ್ಟು ಎತ್ತರವೆಂದು, ಎಂಬುದನ್ನು ತಿಳಿಸಿ ಹೇಳುವಷ್ಟರಲ್ಲಿ ನಮ್ಮಾಕೆ ನಗೆ ತಡೆಯಲಾರದೆ ಆಚೆ ತಿರುಗಿದ್ದಳು.

ಅಂದು ರಾತ್ರಿ ನಮ್ಮ ಬಿ.ಎಸ್ಸಿ. ಪದವಿಗೆ ಬಹುಕಾಲದ ಮೇಲೆ ಕೆಲಸ ಬಿತ್ತು. ಕಾಗದ ಪೆನ್ಸಿಲು ಹಿಡಿದು ಅಪ್ಪ ಮಗ ಕೂತೆವು. ಮೊದಲನೆಯ ಮಾತು: ಕಮಾನುಪಟ್ಟಿ ಏರಿಸಿದರೆ ಮೇಲೇಳುವುದು ಜೀಪಿನ ಮೈ ಮಾತ್ರ. ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ ಗುಂಡು ಅಚ್ಚಿನ ಜೊತೆ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಒಂದೇ, ಅದೂ ವ್ಯಾಸ ಹೆಚ್ಚಿದ್ದರ ಅರ್ಧ. ಮೂರು ಅಂಗುಲದ ಖರ್ಚಿಗೆ ಒಂದೂವರೆ ಅಂಗುಲದ ಲಾಭ!

ಇನ್ನು ಮಗುಚುವ ಲೆಕ್ಕ. ಎಡಬಲ ಚಕ್ರಗಳ ಅಂತರ 48 ಅಂಗುಲ, ಗುರುತ್ವಕೇಂದ್ರ ನೆಲದಿಂದ 26 ಅಂಗುಲ ಎಂದಿಟ್ಟುಕೊಳ್ಳಿ. ನಿಂತ ಗಾಡಿಯನ್ನು ಪಕ್ಕಕ್ಕೆ ವಾಲಿಸುತ್ತ ಹೋದರೆ ಸುಮಾರು 43 ಡಿಗ್ರಿಗೆ ಉರುಳುತ್ತದೆ. ಕೇಂದ್ರ ಐದು ಅಂಗುಲ ಮೇಲೇರಿದರೆ 38ಕ್ಕೇ ಉರುಳುತ್ತದೆ. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದು ಸರಕ್ಕನೆ ಸ್ಟಿಯರಿಂಗ್ ತಿರುಗಿಸಿದರೆ ಇನ್ನೂ ಬೇಗ. ದೊಡ್ಡ ಚಕ್ರ ತಿರುಗಿಸಲು ಇಂಜಿನ್ನಿಗೂ ನಿಲ್ಲಿಸಲು ಬ್ರೇಕಿಗೂ ಹೆಚ್ಚಿನ ಶ್ರಮ. ಮೀಟರು 60 ತೋರಿಸುವಾಗ ಗಾಡಿಯ ನಿಜವಾದ ವೇಗ 66. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಬ್ರೇಕಿನ ಹೋಸು ಗಿಡ್ಡವಾಗುತ್ತದೆ, ಷಾಕ್ ಅಬ್ಸಾರ್ಬರ್ ಉದ್ದನೆಯದು ಬೇಕು. ಐಸ್‌ಲ್ಯಾಂಡಿನವರು ಭಾರಿ ಟೈರಿಗೆ ಗಾಳಿ ಇಳಿಸಿ ಹಿಮದ ಮೇಲೆ ತೇಲಿದಂತೆ ಹೋಗುತ್ತಾರೆ, ನಿಜ. ಅವರಿಗೆ ಹಿಮವಿದೆ. ನಮಗಿರುವುದು ಪ್ರವಾಹ, ಎದೆಮಟ್ಟದ ನೀರಿಗೆ ನಾಲ್ಕು ಅಂಗುಲ ಏನೂ ಅಲ್ಲ. ಅದಕ್ಕೆ ದೋಣಿಯೇ ಬೇಕು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕುಂಟು. ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಲೇಬೇಕು. ಹಾಸನದ ಕಾಗದದಲ್ಲಿ ಒಂದು ಟೈರು, ಗಾಡಿಯಲ್ಲಿ ಇನ್ನೊಂದು ಟೈರು ಇದ್ದರೆ ಯಾವ ಅಧಿಕಾರಿ ಒಪ್ಪಿಯಾನು? ಸರ್ಕಾರಿ ನೌಕರನಾದವನು ಅವನಿಗೆ ಏನೆಂದು ಉತ್ತರ ಹೇಳಿಯಾನು?

ಮಗ ಇದನ್ನೆಲ್ಲ ಕೇಳಿ ಮುಖ ಸಣ್ಣದು ಮಾಡಿದ. ಆದರೆ ಮಾರನೆಯ ಬೆಳಗ್ಗೆ ತಾನೇ ಅಳತೆ ಪಟ್ಟಿ ಹಿಡಿದು ಜೀಪಿನ ಕೆಳಗೆ ಹೋದ. ಹೊರಬಂದವನು, "ಅಪ್ಪಾ, ಕಮಾನುಪಟ್ಟಿಗಳೆಲ್ಲ ಚಪ್ಪಟೆಯಾಗಿ ಹೋಗಿವೆ. ತಾತ ಚೀಲ ಹೇರಿ ಹೇರಿ ಗಾಡಿ ಕುಸಿದಿದೆ" ಎಂದ. ತೋಟದಿಂದ ಪೇಟೆಗೆ ಕಾಫಿ ಮೂಟೆ ಸಾಗಿಸಿದ ಬೆನ್ನು ಅದು, ಬಾಗದಿರುತ್ತದೆಯೆ? ಕಂಪನಿಯ ಅಳತೆಯದೇ ಹೊಸ ಪಟ್ಟಿಗಳು, ಬುಷ್ಷುಗಳು, ಷಾಕ್ ಅಬ್ಸಾರ್ಬರುಗಳು, ಅದೇ 28 ಅಂಗುಲದಲ್ಲಿ ಆಳವಾದ ಗೀರಿನ ಟೈರುಗಳು, ಇಷ್ಟನ್ನು ಹಾಕಿಸಿದೆವು. ಕಳೆದುಹೋಗಿದ್ದ ಒಂದೂವರೆ ಅಂಗುಲ ಎತ್ತರ ಯಾವ ಕಾನೂನಿಗೂ ಭಂಗವಿಲ್ಲದೆ ಮರಳಿ ಬಂತು.

ಅಷ್ಟು ಎತ್ತರವೇ ನಮ್ಮ ತಾಯಿಯವರ ಮಂಡಿಗೆ ಹೆಚ್ಚಾಯಿತು. ಇನ್ನೂ ನಾಲ್ಕು ಅಂಗುಲ ಏರಿದ್ದರೆ ಯಾರ ಸಲುವಾಗಿ ಈ ಏರ್ಪಾಡೋ ಅವರೇ ಮನೆಯಲ್ಲಿ ಉಳಿಯಬೇಕಾಗುತ್ತಿತ್ತು. ಮಗ ಎರಡು ಮೆಟ್ಟಿಲಿನ ಮರದ ಸ್ಟೂಲೊಂದನ್ನು ಮಾಡಿ ಸೀಟಿನ ಕೆಳಗೆ ಇಟ್ಟಿದ್ದಾನೆ. ಕಳೆದ ತಿಂಗಳು ಕೊಂಡಪಲ್ಲಿ ಕೋಟೆಯ ಗುಡ್ಡಕ್ಕೆ ಹೋಗಿದ್ದೆವು. ತಿರುವಿನಲ್ಲಿ ಜೀಪು ಮೊದಲಿನಂತೆ ವಾಲಲಿಲ್ಲ. ಮೇಲೆ ತಲುಪಿದಾಗ ನಮ್ಮ ತಾಯಿಯವರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕಾಲೂರಿ ಇಳಿದು, ಸೀರೆ ಸರಿಮಾಡಿಕೊಂಡು, "ನಿಮ್ಮ ತಾತ ಹೊಸದಾಗಿ ತಂದಾಗ ಹೀಗೇ ಓಡುತ್ತಿತ್ತು" ಎಂದರು.