ಬಿತ್ತನೆ ಬೀಜ ಕೊಟ್ಟ ದಂಡನಾಯಕ

ತೆರಕಣಾಂಬಿಯ ಬೀದಿಯಲ್ಲಿ ಹೆಂಗಸೊಬ್ಬರು ಗೋಣಿತಾಟಿನ ಮೇಲೆ ಸಾಂಬಾರ್ ಈರುಳ್ಳಿ ಹರಡಿಕೊಂಡು ಬಿತ್ತನೆಗೆ ಗಡ್ಡೆ ಆರಿಸುತ್ತಿದ್ದರು. ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು. ಮೆತ್ತಗಿದ್ದರೆ ಅಡುಗೆಗೆ, ಗಟ್ಟಿಯಿದ್ದರೆ ಹೊಲಕ್ಕೆ. ‘ಮಳೆ ಕೈಕೊಟ್ಟರೆ ಬೀಜವೂ ಹೋಯ್ತು, ವರ್ಷವೂ ಹೋಯ್ತು’ ಅಂದರು. ನನಗೆ ಮೈ ಜುಮ್ಮೆಂದಿತು. ಇದೇ ಸಂಕಟದ ಸುದ್ದಿ ಇರುವ ಒಂಬೈನೂರು ವರ್ಷ ಹಳೆಯ ಶಾಸನವನ್ನು ಬೆಳಗ್ಗೆಯಷ್ಟೇ ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ ನೋಡಿ ಬಂದಿದ್ದೆ.

ಆ ಶಾಸನ 1117ರದು. ಊರಿಗೆ ಆಗ ಅರಿಕುಠಾರ ಎಂದು ಹೆಸರು. ನೂರು ವರ್ಷಕ್ಕೂ ಮೇಲೆ ಚೋಳರ ಕೈಯಲ್ಲಿದ್ದ ಗಂಗವಾಡಿಯನ್ನು ಹೊಯ್ಸಳ ವಿಷ್ಣುವರ್ಧನ ಆಗಷ್ಟೇ ಗೆದ್ದಿದ್ದ. ತೆಂಕಣ ಗಡಿಯಲ್ಲಿ ಅವನ ದಂಡನಾಯಕ ಪುಣಿಸ. ಶಾಸನ ಮೊದಲು ಅವನ ತೋಳ್ಬಲವನ್ನೇ ಹೊಗಳುತ್ತದೆ: ಬೆಟ್ಟದ ಬುಡಕಟ್ಟಿನವರಾದ ತೋಡರನ್ನು ಬೆದರಿಸಿದ, ಕೊಂಗರನ್ನು ಅಟ್ಟಿದ, ನೀಲಗಿರಿಯನ್ನು ವಶಮಾಡಿಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಮಾತು ಹೊಲಗದ್ದೆಗೆ ಇಳಿಯುತ್ತದೆ. ದಿವಾಳಿಯಾದ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಕಿರಾತರ ಒಡೆಯ, ಇಂಥವರಿಗೆಲ್ಲ ಕಳೆದುಹೋದದ್ದನ್ನು ಕೊಟ್ಟು ಪೊರೆದನಂತೆ.

ಹೊಗಳಿಕೆಯ ಕವಿ ಏನನ್ನು ಬೇಕಾದರೂ ಬರೆಯಬಹುದಿತ್ತು. ಬೀಜ ಎಂದೇ ಬರೆದ. ನಾಡಿನಲ್ಲಿ ಬಿತ್ತನೆಗೆ ಕಾಳಿಲ್ಲ ಎಂಬುದು ಕೇಳುವವರಿಗೆಲ್ಲ ಗೊತ್ತಿದ್ದರೆ ಮಾತ್ರ ಅದು ಹೊಗಳಿಕೆಯಾಗುತ್ತದೆ. ಘಟ್ಟದ ಮರೆಯಲ್ಲಿ ಮಳೆ ತಪ್ಪಿಸಿಕೊಳ್ಳುವ ಈ ಬಯಲಿನಲ್ಲಿ ದಂಡು ಹಾದುಹೋದ ಮೇಲೆ ಕಣಜದಲ್ಲಿ ಏನು ಉಳಿದೀತು? ಕಿರಾತ ಒಡೆಯನನ್ನು ಉಳಿಸಿಕೊಂಡದ್ದರಲ್ಲಿ ಕರುಣೆಯ ಜೊತೆಗೆ ಲೆಕ್ಕಾಚಾರವೂ ಇದ್ದಿರಬೇಕು. ಕಾಡಿನ ದಾರಿ ಬಲ್ಲವನು ಅವನೇ ತಾನೆ. ಒಂದು ನೋವು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ತೋಡರ ಹೆಸರು ಬರಹದಲ್ಲಿ ಮೊದಲು ಸಿಗುವುದು ಇದೇ ಶಾಸನದಲ್ಲಿ, ಅದೂ ಬೆದರಿದವರಾಗಿ.

ಇನ್ನೂರು ವರ್ಷ ಕಳೆದ ಮೇಲೆ ಈ ಗಡಿಸೀಮೆಗೆ ತೆರಕಣಾಂಬಿಯೇ ನೆಲೆ. ಪೆರುಮಾಳೆ ದಂಡನಾಯಕನ ಮಗ ಮಾಧವ ಮೂರನೇ ಬಲ್ಲಾಳನ ಕಾಲದಲ್ಲಿ ಇಲ್ಲಿಂದ ‘ಪದಿನಾಲ್ಕು ನಾಡು’ ಆಳಿದ. ಆಮೇಲೆ ಉಮ್ಮತ್ತೂರಿನವರು ಬಂದರು, ಮೈಸೂರು ಒಡೆಯರು ಬಂದರು. ಲಕ್ಷ್ಮೀವರದರಾಜಸ್ವಾಮಿ ದೇವಸ್ಥಾನದ ಕಂಬಗಳ ನಡುವೆ ನಿಂತರೆ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಗುಡಿ ಯಾಕೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾಧವನ ಜಾಡು ಹಿಡಿದು ಸಂಜೆಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತಿದೆ. 1315ರಲ್ಲಿ ಅಲ್ಲಿ ಗುಡಿ ಕಟ್ಟಿಸಿದವನೂ ಅವನೇ ಎನ್ನುತ್ತಾರೆ. ಮಂಜು ಸರಿದಾಗ ದಕ್ಷಿಣಕ್ಕೆ ಪುಣಿಸ ಕಣ್ಣಿಟ್ಟಿದ್ದ ನೀಲಗಿರಿ ಪೂರ್ತಿ ತೆರೆದುಕೊಂಡಿತು. ಎಷ್ಟು ಹೊತ್ತು ನೋಡಿದರೂ ತೃಪ್ತಿಯಾಗಲಿಲ್ಲ. ಮಾಧವನ ಜಾಡಿನಲ್ಲಿ ಘಟ್ಟದ ಕೆಳಗಿನ ದಣ್ಣಾಯಕನ ಕೋಟೆ ಮಾತ್ರ ಬಾಕಿ ಉಳಿಯಿತು. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟೆಯ ನೀರಿನಲ್ಲಿ ಅದು ಮುಳುಗಿದೆ. ನೀರು ತೀರಾ ಇಳಿದ ವರ್ಷ ಮಾಧವಪೆರುಮಾಳ್ ಗುಡಿ ಮೇಲೆ ಕಾಣುತ್ತದೆ. ಅಂಥ ಬೇಸಿಗೆ ಬಂದಾಗ ದಿಂಬಂ ಘಟ್ಟ ಇಳಿದು ಅದನ್ನೂ ನೋಡಿ ಬರಬೇಕು.