ಅಳುವ ಹುಡುಗನ ಧೈರ್ಯ

'ಗಂಡು ಹುಡುಗ ಅಳಬಾರದು' ಎಂಬ ಮಾತನ್ನು ಕೇಳದೆ ಬೆಳೆದ ಗಂಡಸರು ನನ್ನ ತಲೆಮಾರಿನಲ್ಲಿ ವಿರಳ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವವನು ನಾಣಿ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ, ಸ್ವರ್ಣಕಮಲ ಪಡೆದ 'ಘಟಶ್ರಾದ್ಧ' ಚಿತ್ರದ ಬಾಲಕನೀತ.

ವೇದಪಾಠಶಾಲೆಗೆ ಬಂದ ಈ ಅಳುಬುರುಕನಿಗೆ ಆಸರೆಯಾದವಳು ವಿಧವೆ ಯಮುನಕ್ಕ. ಆಕೆ ಬಸಿರಾದಾಗ ಕಾರಣನಾದವನು ಕೈಬಿಟ್ಟ. ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿದ. ಆಕೆಗಾಗಿ ಮರುಗಿದವನು ಆ ಪುಟ್ಟ ಹುಡುಗನೊಬ್ಬನೇ. ಹಾಗಾದರೆ ಅಲ್ಲಿ ಧೀರನಾರು, ಹೇಡಿಗಳಾರು?

ಈಚೆಗೆ ನಮ್ಮ ಮನೆಯ ನಾಯಿಮರಿ ಸತ್ತು ಮೊಮ್ಮಗ ಬಿಕ್ಕುತ್ತಿದ್ದಾಗ ಯಾರೋ ಅದೇ ಹಳೆಯ ಮಾತನ್ನಾಡಿದರು. 'ಅವನು ಅಳಲಿ ಬಿಡಿ' ಎಂದೆ. ಪರರ ನೋವಿಗೆ ಕರಗುವುದನ್ನು ಬಾಲ್ಯದಲ್ಲಿಯೇ ಮರೆಸಿದರೆ, ಬೆಳೆದ ಮೇಲೆ ಕಲಿಸುವವರು ಯಾರು?