ಗಂಜಿನಲ್ಲಿ ತಬಲಾ ಲೆಕ್ಕ

ಬೀದರಿನಲ್ಲಿ ತಬಲಾ ಕೇಳಬೇಕೆಂದರೆ ಟಿಕೆಟು ತೆಗೆಸುವ ಗೋಜಿಲ್ಲ. ಗುರುನಾನಕ್ ಝೀರಾದ ಶಬದ ಕೀರ್ತನೆಯಲ್ಲಿ ಅದಿದೆ, ಉರುಸಿನ ಕವ್ವಾಲಿಯಲ್ಲಿದೆ, ಹನುಮಪ್ಪನ ಗುಡಿಯ ಶನಿವಾರದ ಭಜನೆಯಲ್ಲೂ ಇದೆ. ಮೂರೂ ಕಡೆ ಬಹುಪಾಲು ಅದೇ ಕೆಹರ್ವಾ ತಾಳ, ಅವೇ 8 ಮಾತ್ರೆ. ನಡೆ ಮಾತ್ರ ಬೇರೆ. ಕೀರ್ತನೆಯಲ್ಲಿ ತಗ್ಗಿ ನಡೆಯುವ ಠೇಕಾ ಕವ್ವಾಲಿಗೆ ಬಂದರೆ ಚಪ್ಪಾಳೆಯ ಜೊತೆ ಮೈಕೊಡವಿ ಏಳುತ್ತದೆ. ಭಜನೆಯಲ್ಲಿ ತಾಳದವರು ಎಳೆದತ್ತ ಹೋಗುತ್ತದೆ.

ಇಂಥ ಹರಟೆಗೆ ಗಾಂಧಿ ಗಂಜಿನ ಅಡತ ಅಂಗಡಿಯ ಗಾದಿಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಹೊರಗೆ ತೊಗರಿ, ಕಡಲೆಯ ರಾಶಿ, ಹಮಾಲರ ಕೂಗು. ಒಳಗೆ ಸಾಹುಕಾರರು ಹಳ್ಳಿಯ ರೈತನಿಗೆ ಕನ್ನಡದಲ್ಲಿ, ಔರಾದ ಕಡೆಯವನಿಗೆ ಮರಾಠಿಯಲ್ಲಿ, ಹೈದರಾಬಾದಿನ ಫೋನಿಗೆ ದಖನಿಯಲ್ಲಿ ಉತ್ತರ ಕೊಡುತ್ತಾರೆ. ಒಂದು ಕಪ್ಪು ಚಹಾ ಆರುವುದರೊಳಗೆ ಮೂರೂ ಮುಗಿದಿರುತ್ತವೆ.

ಅವರಿಗೆ ಜಾಕಿರ್ ಹುಸೇನರ ಹುಚ್ಚು. ಗಿರಾಕಿ ಇಲ್ಲದ ಹೊತ್ತಿನಲ್ಲಿ ‘ಶಕ್ತಿ’ ತಂಡದ ಕಛೇರಿ ಹಚ್ಚುತ್ತಾರೆ. ಜಾನ್ ಮೆಕ್‌ಲಾಫ್ಲಿನ್ನರ ಗಿಟಾರು, ಎಲ್. ಶಂಕರರ ಪಿಟೀಲು, ವಿಕ್ಕು ವಿನಾಯಕರಾಮರ ಘಟ, ಜಾಕಿರರ ತಬಲಾ. ಮೊದಲ ಧ್ವನಿಮುದ್ರಿಕೆ ಬಂದದ್ದು 1976ರಲ್ಲಿ. ವಿಕ್ಕು ಘಟದ ಬಾಯನ್ನು ಹೊಟ್ಟೆಗೆ ಒತ್ತಿ ‘ಗುಂ’ ಎನಿಸುತ್ತಾರೆ. ಜಾಕಿರ್ ಡಗ್ಗಾದ ಮೇಲೆ ಎಡ ಅಂಗೈಯ ಬುಡವನ್ನು ಒತ್ತಿ ಜಾರಿಸಿ ಆ ಗುಂಕಾರವನ್ನು ಇನ್ನಷ್ಟು ಮೇಲಕ್ಕೆ ಎಳೆದು ಹಿಂದಿರುಗಿಸುತ್ತಾರೆ. ಒಬ್ಬರದು ಕೋರ್ವೈ, ಇನ್ನೊಬ್ಬರದು ತಿಹಾಯಿ. ಮೂರು ಸಲ ಹೇಳಿ ಮುಗಿಸುವ ಚಟ ಇಬ್ಬರಿಗೂ ಉಂಟು. ತುದಿಯಲ್ಲಿ ಇಬ್ಬರೂ ಒಟ್ಟಿಗೇ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುತ್ತಾರೆ.

“ನೋಡ್ರಿ,” ಸಾಹುಕಾರರು ತೊಡೆ ತಟ್ಟುತ್ತಾರೆ, “ಇಬ್ಬರ ವಹಿ ಬ್ಯಾರೆ ಅದ, ಜಮಾ ಒಂದೇ ಬಂತು.”

ಶಾಸ್ತ್ರಕಾರರೂ ಇದಕ್ಕಿಂತ ಚೊಕ್ಕವಾಗಿ ಹೇಳಲಾರರು. ಜಾಕಿರರ ಎಡ-ಬಲಗಳು ಡ್ರಮ್ಮಿನ ವೇಷ ಹಾಕಲಿಲ್ಲ. ಪಂಜಾಬ್ ಘರಾಣೆಯ ಬೋಲುಗಳು ಬೋಲುಗಳಾಗಿಯೇ ಉಳಿದವು. ತಂದೆ ಅಲ್ಲಾರಖಾ ಅಮೆರಿಕದ ಡ್ರಮ್ಮರ್ ಬಡಿ ರಿಚ್ ಜೊತೆ 1968ರಲ್ಲೇ ರೆಕಾರ್ಡು ತಂದಿದ್ದವರು. 1951ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗ ಹತ್ತೊಂಬತ್ತು ತುಂಬುವ ಹೊತ್ತಿಗೆ ರವಿಶಂಕರರಿಗೆ ಸಾಥ್ ಕೊಡಲು ಅಮೆರಿಕಕ್ಕೆ ಹೋದರು. 2024ರ ಫೆಬ್ರವರಿಯ ಒಂದೇ ರಾತ್ರಿ 3 ಗ್ರ್ಯಾಮಿ ಬಂದವು. ಅದೇ ವರ್ಷ ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು.

ಪ್ರಶಸ್ತಿಗಿಂತ ನನ್ನ ಕಣ್ಣು ಹೋಗುವುದು ಆ ‘ಸಾಥ್’ ಕಡೆಗೆ. ಶಿವಕುಮಾರ ಶರ್ಮರ ಸಂತೂರು ಪಿಸುಗುಟ್ಟುವಾಗ ಬೆರಳ ತುದಿಯಲ್ಲಷ್ಟೇ ಠೇಕಾ ಹಿಡಿದು, ಮುಖವನ್ನೆಲ್ಲ ಕಿವಿ ಮಾಡಿಕೊಂಡು ಕೂರುತ್ತಿದ್ದರಲ್ಲ, ಜಗತ್ತಿನ ಸಂಗೀತಗಳ ನಡುವೆ ಅವರಿಗೆ ದಾರಿ ಬಿಟ್ಟುಕೊಟ್ಟದ್ದು ಆ ಕೂರುವಿಕೆ. ಎದುರಿನವರ ಲೆಕ್ಕ ಮೊದಲು ತಿಳಿಯಬೇಕು, ತನ್ನದು ಆಮೇಲೆ.

ಈಗ ನಮ್ಮ ಹುಡುಗರು ಪ್ಯಾಡು ಕೊಂಡು ತಂದ ವಾರಕ್ಕೇ ಫ್ಯೂಷನ್ ಬ್ಯಾಂಡು ಕಟ್ಟುತ್ತಾರೆ. ಕಟ್ಟಲಿ. ಅದಕ್ಕೆ ಮುಂಚೆ ಒಂದು ಶ್ರಾವಣ ಮಾಸ ಭಜನೆಗೆ ಸಾಥ್ ಕೊಟ್ಟು ಬರಲಿ. ಅಲ್ಲಿ ಹಾಡುವ ಅಜ್ಜ ಮನಸ್ಸು ಬಂದಾಗ ಲಯ ಏರಿಸುತ್ತಾನೆ, ಮರೆತಾಗ ಅರ್ಧ ಸಾಲು ನುಂಗುತ್ತಾನೆ. ಅಂಥವನನ್ನು ಸಮಕ್ಕೆ ಸುಸೂತ್ರ ಮುಟ್ಟಿಸಬಲ್ಲವನಿಗೆ ಮೆಕ್‌ಲಾಫ್ಲಿನ್ ಯಾವ ಲೆಕ್ಕ!